ಮೈಲುತುತ್ತದಲ್ಲಿ ನೀರೆಷ್ಟು? ಒಬ್ಬರಿಗೆ 4.36, ಇನ್ನೊಬ್ಬರಿಗೆ 5.90

ಪ್ರಶ್ನೆ: ನಾನು ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿನಿ, ಊರು ಶಿರಸಿ ಹತ್ತಿರ. ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಕಾಯಿಸಿ, ಇಳಿದ ತೂಕದಿಂದ ಅದರ ಹರಳಿನಲ್ಲಿರುವ ನೀರಿನ ಅಣುಗಳ ಸಂಖ್ಯೆ ಕಂಡುಹಿಡಿಯುವ ಪ್ರಯೋಗ ಮಾಡಿದೆವು. ನಾನು 2.524 ಗ್ರಾಂ ತೆಗೆದುಕೊಂಡು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕಾಯಿಸಿದೆ. ಮೂಸೆಯನ್ನು ಮೇಜಿನ ಮೇಲೆ ಆರಲು ಬಿಟ್ಟು ತೂಗಿದಾಗ 1.692 ಗ್ರಾಂ ಉಳಿದಿತ್ತು. ಲೆಕ್ಕ ಹಾಕಿದರೆ 4.36 ಬಂತು. ಅದೇ ಬಾಟಲಿಯಿಂದ 2.480 ಗ್ರಾಂ ತೆಗೆದುಕೊಂಡ ಗೆಳತಿ ಜೋರು ಉರಿ ಇಟ್ಟಳು. ಅವಳಿಗೆ 1.489 ಗ್ರಾಂ ಉಳಿಯಿತು, ಲೆಕ್ಕಕ್ಕೆ 5.90 ಸಿಕ್ಕಿತು. ಅವಳ ಪುಡಿಯಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆಗಳಿದ್ದವು. "ಇಬ್ಬರೂ 4.98 ಅಂತ ಬರೆದುಬಿಡಿ" ಎಂದರು ಮೇಷ್ಟ್ರು. ತಪ್ಪಿದ್ದೆಲ್ಲಿ? ಉತ್ತರ 5 ಎಂದು ಮೊದಲೇ ಗೊತ್ತಿಲ್ಲದ ಲವಣವಾದರೆ ಏನು ಮಾಡಬೇಕು? ಇನ್ನೊಂದು ವಿಷಯ: ಮನೆಯಲ್ಲಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ತುತ್ತದ ಹರಳುಗಳು ಮೇಲ್ಗಡೆ ಬೆಳ್ಳಗಾಗಿವೆ. ಬಳಸಬಹುದೇ?

ಉತ್ತರ: ತೂಕಗಳನ್ನೂ ಕಾಯಿಸಿದ ರೀತಿಯನ್ನೂ ಬರೆದು ಕಳಿಸಿದಿರಿ, ನನ್ನ ಕೆಲಸ ಅರ್ಧ ಹಗುರಾಯಿತು. ನಿಮ್ಮ 4.36, ಗೆಳತಿಯ 5.90 ಎರಡೂ ತಪ್ಪು ಸಂಖ್ಯೆಗಳೇ. ಆದರೆ ಮೂಸೆಯೊಳಗೆ ಏನು ನಡೆಯಿತು ಎಂದು ಸಾಕ್ಷಿ ಹೇಳುವ ಸಂಖ್ಯೆಗಳು ಅವು. 4.98 ಬರೆದರೆ ಆ ಸಾಕ್ಷಿ ಅಳಿಸಿಹೋಗುತ್ತದೆ. ರಾಶಿ ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕಿ ಮುಗಿಸಬೇಕಾದ ಮೇಷ್ಟ್ರ ಅವಸರ ನನಗೂ ಗೊತ್ತು, ನಾನೂ ಆ ಕುರ್ಚಿಯಲ್ಲಿ ಕೂತವನೇ. ಆದರೂ ಹರಳಿನಲ್ಲಿ ನೀರೆಷ್ಟು ಎಂದು ಹರಳನ್ನೇ ಕೇಳಲು ಹೊರಟವರು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡರೆ ಗ್ಯಾಸ್ ಸುಡುವುದೇಕೆ?

ಮೊದಲು ನಿಮ್ಮದನ್ನೇ ನೋಡೋಣ. ಇಳಿದ ತೂಕ 0.832 ಗ್ರಾಂ. ಅದಷ್ಟೂ ನೀರೆಂದು ಹಿಡಿದು ನೀರಿನ ಮೋಲಾರ್ ತೂಕ (ಒಂದು ಮೋಲ್, ಅಂದರೆ ಅಣುಗಳ ಒಂದು ನಿಗದಿತ ಎಣಿಕೆಯ, ತೂಕ) 18.015ರಿಂದ ಭಾಗಿಸಿದರೆ 0.0462 ಮೋಲ್. ಉಳಿದ 1.692 ಗ್ರಾಂ ಪೂರ್ತಿ ನೀರಿಲ್ಲದ ತಾಮ್ರದ ಸಲ್ಫೇಟ್ ಎಂದು ಹಿಡಿದು ಅದರ ಮೋಲಾರ್ ತೂಕ 159.61ರಿಂದ ಭಾಗಿಸಿದರೆ 0.0106 ಮೋಲ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 4.36. ಗುಣಾಕಾರ ಭಾಗಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು ಆ ಎರಡು "ಎಂದು ಹಿಡಿದು"ಗಳಲ್ಲಿ. ಇಳಿದದ್ದೆಲ್ಲ ನೀರೇ, ಉಳಿದದ್ದರಲ್ಲಿ ನೀರೇ ಇಲ್ಲ ಎಂಬ ಎರಡು ನಂಬಿಕೆಗಳ ಮೇಲೆ ಈ ಪ್ರಯೋಗ ನಿಂತಿದೆ. ನಿಮ್ಮಲ್ಲಿ ಎರಡನೆಯದು ಕುಸಿಯಿತು, ಗೆಳತಿಯಲ್ಲಿ ಮೊದಲನೆಯದು.

ಐದು ನೀರಿನ ಮೈಲುತುತ್ತದ ಮೋಲಾರ್ ತೂಕ 249.69. ಅದರಲ್ಲಿ ನೀರಿನ ಪಾಲು ಶೇ. 36.08. ನಿಮ್ಮ 2.524 ಗ್ರಾಂನಿಂದ 0.911 ಗ್ರಾಂ ನೀರು ಹೋಗಬೇಕಿತ್ತು, ಹೋದದ್ದು 0.832. ಅಂದರೆ 79 ಮಿಲಿಗ್ರಾಂ ಮೂಸೆಯಲ್ಲೇ ಉಳಿಯಿತು, ಇಲ್ಲವೇ ಹೋಗಿ ಮತ್ತೆ ಬಂತು. ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸೂಕ್ಷ್ಮವಿದೆ. ನಿಜವಾಗಿ ನಿಮ್ಮ ಹರಳಿನಿಂದ ತಾಮ್ರದ ಒಂದೊಂದು ಪರಮಾಣುವಿಗೆ 4.57 ನೀರು ಹೋಗಿದೆ. ಹಾಗಿದ್ದರೂ ಲೆಕ್ಕ 4.36 ತೋರಿಸಿತು. ಹೋಗದೆ ಉಳಿದ ನೀರು ಎರಡು ಕಡೆ ಪೆಟ್ಟು ಕೊಡುತ್ತದೆ: ನೀರಿನ ಲೆಕ್ಕದಲ್ಲಿ ಕಡಿಮೆಯಾಗುತ್ತದೆ, ಮೇಲಿಂದ ಉಪ್ಪಿನ (ನೀರಿಲ್ಲದ ಲವಣದ) ಲೆಕ್ಕದಲ್ಲಿ ಉಪ್ಪೆಂದೇ ಸೇರಿಕೊಳ್ಳುತ್ತದೆ. ನಾಲ್ಕು ನೀರು ಸರಿಯಾಗಿ ಹೋಗಿ ಒಂದು ಉಳಿದಾಗ ಕಾಯಿಸುವುದನ್ನು ನಿಲ್ಲಿಸಿದಿರಿ ಎಂದುಕೊಳ್ಳಿ. ಲೆಕ್ಕಕ್ಕೆ 4 ಬರಬೇಕು ಅನ್ನಿಸುತ್ತದೆ. ಮಾಡಿ ನೋಡಿ, 3.59 ಬರುತ್ತದೆ. ಪ್ರಾಕ್ಟಿಕಲ್‌ನಲ್ಲಿ ಯಾರಿಗಾದರೂ 3.6ರ ಆಸುಪಾಸು ಬಂದರೆ ಅವರ ಮೂಸೆಯಲ್ಲಿ ಒಂದು ನೀರಿನ ಉಪ್ಪು ಕೂತಿದೆ ಎಂದು ನೋಡದೆಯೇ ಹೇಳಬಹುದು.

ಆ ಕೊನೆಯ ನೀರು ಅಷ್ಟು ಹಟ ಮಾಡುವುದಕ್ಕೆ ಕಾರಣ ಹರಳಿನ ಒಳರಚನೆಯಲ್ಲಿದೆ. 1934ರಲ್ಲಿ ಬೀವರ್ಸ್ ಮತ್ತು ಲಿಪ್ಸನ್ ಎಕ್ಸ್-ಕಿರಣಗಳಿಂದ ಇದನ್ನು ಬಿಡಿಸಿ ತೋರಿಸಿದರು. ನಾಲ್ಕು ನೀರಿನ ಅಣುಗಳು ತಾಮ್ರದ ಸುತ್ತ ಚೌಕದ ನಾಲ್ಕು ಮೂಲೆಗಳಲ್ಲಿ ಕೂತಂತೆ ಅಂಟಿಕೊಂಡಿವೆ. ಐದನೆಯದು ತಾಮ್ರಕ್ಕೆ ನೇರವಾಗಿ ಅಂಟಿಲ್ಲ, ಸಲ್ಫೇಟ್‌ಗಳನ್ನೂ ಉಳಿದ ನೀರಿನ ಅಣುಗಳನ್ನೂ ಹೈಡ್ರೊಜನ್ ಬಂಧಗಳಿಂದ ಹಿಡಿದುಕೊಂಡಿದೆ. ಕಾಯಿಸುತ್ತ ಹೋದರೆ ನೀರು ಒಮ್ಮೆಲೇ ಹೋಗುವುದಿಲ್ಲ. ಸುಮಾರು 60 ಡಿಗ್ರಿ ದಾಟಿದಾಗ ಎರಡು, 110ರ ಸುಮಾರಿಗೆ ಇನ್ನೆರಡು, ಕೊನೆಯದು 200 ಡಿಗ್ರಿ ದಾಟಿದ ಮೇಲೆ. ನಾಲ್ಕು ಹೋದಾಗಲೇ ಬಣ್ಣ ಬಹುತೇಕ ಬೆಳ್ಳಗಾಗಿರುತ್ತದೆ, ನೀಲಿಯ ಛಾಯೆ ಎಲ್ಲೋ ಸ್ವಲ್ಪ. "ಬೆಳ್ಳಗಾಯಿತು, ಮುಗಿಯಿತು" ಎಂದು ಉರಿ ಆರಿಸಿದವರೆಲ್ಲ ಇಲ್ಲೇ ಎಡವುತ್ತಾರೆ. ಕಣ್ಣನ್ನು ನಂಬಬೇಡಿ, ತಕ್ಕಡಿಯನ್ನು ನಂಬಿ.

ನೀವು ಮೂಸೆಯನ್ನು ಮೇಜಿನ ಮೇಲೆ ಆರಲು ಬಿಟ್ಟದ್ದು ಎರಡನೆಯ ತೊಂದರೆ. ನೀರಿಲ್ಲದ ತುತ್ತಕ್ಕೆ ನೀರಿನ ಬಾಯಾರಿಕೆ ಎಷ್ಟೆಂದರೆ ಅದನ್ನು ತೇವವಿದೆಯೇ ಎಂದು ಪರೀಕ್ಷಿಸಲೆಂದೇ ಬಳಸುತ್ತಾರೆ. ತಣ್ಣಗಾದ ಬಿಳಿ ಪುಡಿಯ ಮೇಲೆ ಒಂದು ಹನಿ ನೀರು ಬಿಟ್ಟರೆ ನೀಲಿಯಾಗುವುದಷ್ಟೇ ಅಲ್ಲ, ಮುಟ್ಟಿದರೆ ಬಿಸಿ ತಾಗುತ್ತದೆ. ಶಿರಸಿ ಕಡೆಯ ಮಳೆಗಾಲದ ಗಾಳಿಯಲ್ಲಿ ಮುಚ್ಚಳ ತೆಗೆದ ಮೂಸೆಯನ್ನು ಅರ್ಧ ಗಂಟೆ ಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಹಪ್ಪಳದ ಡಬ್ಬಿ ತೆರೆದಿಟ್ಟ ಮನೆಯವರಿಗೆಲ್ಲ ಗೊತ್ತು. ಡೆಸಿಕೇಟರ್, ಅಂದರೆ ಒಳಗೆ ತೇವ ಹೀರುವ ವಸ್ತುವಿಟ್ಟ ಬಿಗಿಮುಚ್ಚಳದ ಪಾತ್ರೆ, ಇರುವುದೇ ಇದಕ್ಕೆ. ಅದರ ತಳದ ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದೂ ಪ್ರಯೋಜನವಿಲ್ಲ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ಅದೂ ಹರಳಿನಲ್ಲಿ ನೀರು ಹಿಡಿದ ಲವಣದ, ಅಂದರೆ ಒಂದು ಹೈಡ್ರೇಟ್‌ನ ಆಟವೇ: ನೀರಿಲ್ಲದಾಗ ನೀಲಿ, ನೀರು ಕುಡಿದಾಗ ಗುಲಾಬಿ.

ಈಗ ಗೆಳತಿಯ 5.90. ಅವಳ 2.480 ಗ್ರಾಂನಲ್ಲಿ ಇರಬೇಕಾದ ನೀರು 0.895 ಗ್ರಾಂ, ಇಳಿದದ್ದು 0.991. ನೀರಿಗಿಂತ 96 ಮಿಲಿಗ್ರಾಂ ಹೆಚ್ಚು ಹೋಗಿದೆ. ಅನುಮಾನ ಪಡಬೇಕಾದ ಕಾರಣಗಳು ನಾಲ್ಕು. ಹರಳು ಹಸಿಯಾಗಿದ್ದಿರಬಹುದು. ಆದರೆ ಅದೇ ಬಾಟಲಿಯಿಂದ ತೆಗೆದ ನಿಮಗೆ ಕಡಿಮೆ ಬಂದಿರುವುದರಿಂದ ಅದನ್ನು ಹಿಂದಕ್ಕೆ ತಳ್ಳುತ್ತೇನೆ. ಬಿಸಿ ಮೂಸೆಯನ್ನೇ ತೂಗಿದ್ದಿರಬಹುದು. ಬಿಸಿ ಪಾತ್ರೆಯ ಸುತ್ತ ಗಾಳಿ ಮೇಲಕ್ಕೆ ಏಳುತ್ತಿರುತ್ತದೆ, ತಕ್ಕಡಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ದಪ್ಪ ಹರಳನ್ನು ಪುಡಿ ಮಾಡದೆ ಜೋರು ಉರಿಗೆ ಇಟ್ಟರೆ ಒಳಗಿನ ಹಬೆ ಹರಳನ್ನು ಸೀಳಿಕೊಂಡು ಬರುವಾಗ ಚೂರುಗಳು ಚಟಪಟ ಸಿಡಿದು ಹೊರಗೆ ಬೀಳುತ್ತವೆ. ನಾಲ್ಕನೆಯದಕ್ಕೆ ಅವಳ ಕಪ್ಪು ಚುಕ್ಕೆಗಳೇ ಸಾಕ್ಷಿ. ಸುಮಾರು 650 ಡಿಗ್ರಿಯ ಹೊತ್ತಿಗೆ ಉಪ್ಪೇ ಒಡೆದು ಸಲ್ಫರ್ ಟ್ರೈಆಕ್ಸೈಡ್ ಹಾರಿಹೋಗುತ್ತದೆ, ತಾಮ್ರದ ಕಪ್ಪು ಆಕ್ಸೈಡ್ ಉಳಿಯುತ್ತದೆ. ಬನ್ಸೆನ್ ಬರ್ನರಿನ ನೇರ ಉರಿ ತಾಗಿದ ಮೂಸೆಯ ತಳಕ್ಕೆ ಆ ಬಿಸಿ ದೊಡ್ಡದಲ್ಲ. ಮೇಲ್ಗಡೆ ಪುಡಿಯಲ್ಲಿ ಇನ್ನೂ ನೀರಿರುವಾಗಲೇ ತಳದಲ್ಲಿ ಉಪ್ಪು ಸುಡುತ್ತಿರಬಹುದು.

ಇದನ್ನು ಅಳೆದೇ ನೋಡಬಹುದು, ಅದೂ ಸುಲಭವಾಗಿ. ನೀರಿಲ್ಲದ ತುತ್ತದ 159.61ರಲ್ಲಿ ತಾಮ್ರದ ಆಕ್ಸೈಡಿನ ಪಾಲು 79.55, ಸಲ್ಫರ್ ಟ್ರೈಆಕ್ಸೈಡಿನದು 80.06. ಅರ್ಧಕ್ಕರ್ಧ ಎನ್ನಿ. ಹಾಗಾಗಿ ಎಷ್ಟು ತೂಕ ಹೆಚ್ಚಾಗಿ ಹಾರಿಹೋಯಿತೋ ಹೆಚ್ಚುಕಡಿಮೆ ಅಷ್ಟೇ ತೂಕದ ಕಪ್ಪು ಪುಡಿ ಮೂಸೆಯಲ್ಲಿರಬೇಕು. ಅವಳ ಉಳಿಕೆಯನ್ನು ಇನ್ನೂ ಎಸೆದಿಲ್ಲವಾದರೆ ಪೂರ್ತಿ ತಣ್ಣಗಾದ ಮೇಲೆ ನೀರಿನಲ್ಲಿ ಕರಗಿಸಲಿ. ತುತ್ತ ನೀಲಿಯಾಗಿ ಕರಗುತ್ತದೆ, ಆಕ್ಸೈಡ್ ಕರಗುವುದಿಲ್ಲ. ಸೋಸಿ, ತೊಳೆದು, ಒಣಗಿಸಿ ತೂಗಲಿ. 96 ಮಿಲಿಗ್ರಾಂಗೆ ಹತ್ತಿರ ಬಂದರೆ ಪೂರಾ ಉರಿಯದ್ದೇ ತಪ್ಪು, ಎಂಟರಲ್ಲಿ ಒಂದು ಪಾಲು ಉಪ್ಪು ಸುಟ್ಟಿದೆ. 30 ಮಿಲಿಗ್ರಾಂ ಮಾತ್ರ ಬಂದರೆ ಉಳಿದದ್ದು ಸಿಡಿದು ಹೋಗಿದೆ, ಇಲ್ಲವೇ ಬಿಸಿ ಮೂಸೆ ತೂಗಿದ್ದರ ತಪ್ಪು. ಇದು ಒರಟು ಲೆಕ್ಕ, ಏಕೆಂದರೆ ಪೂರ್ತಿ ಒಡೆಯದ ನಡುವಿನ ಸ್ಥಿತಿಯ ಪ್ರತ್ಯಾಮ್ಲೀಯ ಸಲ್ಫೇಟೂ ಸ್ವಲ್ಪ ಇರುತ್ತದೆ. ಆದರೆ "ಪ್ರಯೋಗದ ದೋಷ" ಎಂಬ ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಹಾಗಾದರೆ 200ಕ್ಕೂ 650ಕ್ಕೂ ನಡುವೆ ನಿಲ್ಲಬೇಕು. ಜಾಗ ದೊಡ್ಡದೇ ಇದೆ, ನೇರ ಉರಿಯಿಂದ ಅಲ್ಲಿ ನಿಲ್ಲುವುದು ಕಷ್ಟ ಅಷ್ಟೆ. ಕಬ್ಬಿಣದ ತಟ್ಟೆಯಲ್ಲಿ ಮರಳು ಹಾಕಿ, ಮೂಸೆಯನ್ನು ಅರ್ಧ ಹೂತು, ಪಕ್ಕದಲ್ಲಿ 360 ಡಿಗ್ರಿಯ ಥರ್ಮಾಮೀಟರ್ ಚುಚ್ಚಿ, ಮರಳನ್ನು 230ರಿಂದ 250ರಲ್ಲಿ ಇಟ್ಟುಕೊಳ್ಳಿ. ಹರಳನ್ನು ಮೊದಲೇ ನುಣ್ಣಗೆ ಅರೆದಿರಬೇಕು. ಮುಚ್ಚಳ ಸ್ವಲ್ಪ ಸರಿದಿರಲಿ, ಹಬೆ ಹೋಗಲು ದಾರಿ ಬೇಕು. ಖಾಲಿ ಮೂಸೆಯನ್ನೂ ಮೊದಲು ಒಮ್ಮೆ ಕಾಯಿಸಿ ಆರಿಸಿಯೇ ತೂಗಿ. ಪಿಂಗಾಣಿ ಮೂಸೆಯ ಮೈಗೆ ಅಂಟಿದ ತೇವ ಕೂಡ ನಿಮ್ಮ ಲೆಕ್ಕದಲ್ಲಿ ಹರಳಿನ ನೀರಾಗಿ ಬಂದು ಕೂರುತ್ತದೆ. ಇಪ್ಪತ್ತು ನಿಮಿಷ ಕಾಯಿಸಿ, ಡೆಸಿಕೇಟರಿನಲ್ಲಿ ಆರಿಸಿ, ತೂಗಿ. ಮತ್ತೆ ಹತ್ತು ನಿಮಿಷ ಕಾಯಿಸಿ, ಆರಿಸಿ, ತೂಗಿ. ಎರಡು ತೂಕಗಳ ನಡುವೆ ಒಂದೆರಡು ಮಿಲಿಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಾರದಿರುವ ತನಕ ಬಿಡಬೇಡಿ. ನೀವು ಒಂದೇ ಸಲ ಕಾಯಿಸಿದ್ದೀರಿ. ಎರಡನೆಯ ಸಲ ಕಾಯಿಸಿದ್ದರೆ ತೂಕ ಇನ್ನೂ ಇಳಿಯುತ್ತಿದೆ ಎಂದು ತಕ್ಕಡಿಯೇ ಎಚ್ಚರಿಸುತ್ತಿತ್ತು. ಗೆಳತಿಯ ಮೂಸೆಯಲ್ಲೂ ತೂಕ ಇಳಿಯುತ್ತಲೇ ಹೋಗುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ. ಉಪ್ಪು ಸುಡುತ್ತಿದೆ ಎನ್ನಲು ಅದೇ ಗುರುತು.

ಎಷ್ಟು ಉಪ್ಪು ತೆಗೆದುಕೊಳ್ಳಬೇಕು ಎಂಬುದೂ ಸಣ್ಣ ಮಾತಲ್ಲ. 2.5 ಗ್ರಾಂ ತೆಗೆದುಕೊಂಡಾಗ ತೂಕದಲ್ಲಿ 10 ಮಿಲಿಗ್ರಾಂ ತಪ್ಪಿದರೆ ಉತ್ತರದಲ್ಲಿ 0.09 ತಪ್ಪುತ್ತದೆ. ಉಪ್ಪು ಉಳಿಸಲು ಅರ್ಧ ಗ್ರಾಂ ಕೊಟ್ಟರೆ ಅದೇ 10 ಮಿಲಿಗ್ರಾಂ ತಪ್ಪು ಉತ್ತರವನ್ನು 0.43ರಷ್ಟು ಅಲುಗಾಡಿಸುತ್ತದೆ, ಆಗ ನಾಲ್ಕೂವರೆಯೋ ಐದೋ ಎಂದು ಹೇಳುವ ಹಕ್ಕೇ ನಿಮಗಿರುವುದಿಲ್ಲ. ಎರಡು ದಶಮಾಂಶದ ತಕ್ಕಡಿ ಇರುವ ಕಡೆ ಅರ್ಧ ಗ್ರಾಂ ಉಪ್ಪು ಕೊಟ್ಟು 4.98 ಕೇಳುವುದು ಅನ್ಯಾಯ.

ಗೊತ್ತಿಲ್ಲದ ಲವಣದ ಪ್ರಶ್ನೆಗೆ ಬರೋಣ, ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದು. ತೂಕದ ಇಳಿತ ನೇರವಾಗಿ ಕೊಡುವುದು ಶೇಕಡಾವಾರು ಒಂದನ್ನೇ. ಅದನ್ನು ಅಣುಗಳ ಸಂಖ್ಯೆ ಮಾಡಲು ಉಪ್ಪಿನ ಮೋಲಾರ್ ತೂಕ ಬೇಕು, ಅಂದರೆ ಉಪ್ಪು ಯಾವುದೆಂದು ಬೇರೆ ದಾರಿಯಿಂದ ತಿಳಿದಿರಬೇಕು. ಒಂದು ಉದಾಹರಣೆ. ಟೈಟ್ರೇಷನ್‌ಗೆ ಬಳಸುವ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಅದಕ್ಕೂ ಐದು ನೀರು. ಮೋಲಾರ್ ತೂಕ 248.18, ನೀರಿನ ಪಾಲು ಶೇ. 36.29. ಮೈಲುತುತ್ತದ್ದು ಶೇ. 36.08. ಕಣ್ಣು ಕಟ್ಟಿಕೊಂಡು ತೂಕ ಮಾತ್ರ ನೋಡುವವನಿಗೆ ಇವೆರಡರ ವ್ಯತ್ಯಾಸ ಹಿಡಿಯಲು ಕಾಲೇಜಿನ ಪ್ರಯೋಗ ಸಾಲದು. ಸೂತ್ರ ತಿಳಿಯಲು ಇನ್ನೊಂದು ಕಾಲು ಬೇಕೇ ಬೇಕು.

ಆ ಇನ್ನೊಂದು ಕಾಲು ಟೈಟ್ರೇಷನ್, ಅಂದರೆ ಸಾಂದ್ರತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಹಾಕಿ ಅಳೆಯುವುದು. ನಿಮ್ಮ ಬಾಟಲಿಯ ಕಾಯಿಸದ ಹರಳನ್ನು 2.497 ಗ್ರಾಂ ತೂಗಿ 100 ಮಿಲಿಲೀಟರ್ ದ್ರಾವಣ ಮಾಡಿ, 25 ಮಿಲಿಲೀಟರ್ ತೆಗೆದು, ಪೊಟ್ಯಾಸಿಯಂ ಅಯೊಡೈಡ್ ಹಾಕಿ, ಬಿಡುಗಡೆಯಾದ ಅಯೊಡಿನ್ನನ್ನು 0.1 ಮೋಲಾರ್ ಹೈಪೋದಿಂದ ಅಳೆಯಿರಿ. ಐದು ನೀರಿನ ಶುದ್ಧ ತುತ್ತವಾಗಿದ್ದರೆ 25 ಮಿಲಿಲೀಟರ್ ಹಿಡಿಯಬೇಕು. ಇದು ತಾಮ್ರವನ್ನು ಎಣಿಸುತ್ತದೆ, ಕಾಯಿಸುವುದು ನೀರನ್ನು ಎಣಿಸುತ್ತದೆ. ಎರಡೂ ಒಂದೇ ಮಾತು ಹೇಳಿದರೆ 5 ಎಂಬುದು ನಿಮ್ಮ ಸ್ವಂತ ಸಂಪಾದನೆ, ಪುಸ್ತಕದ ಸಾಲವಲ್ಲ.

ಮೊದಲನೆಯ ನಂಬಿಕೆ, ಅಂದರೆ ಇಳಿದದ್ದೆಲ್ಲ ನೀರೇ ಎಂಬುದು, ಕೆಲವು ಲವಣಗಳಲ್ಲಿ ಹೇಗೆ ಕಾಯಿಸಿದರೂ ನಿಲ್ಲುವುದಿಲ್ಲ. ನಾನು ಓದುವಾಗ ಯಾರೂ ಹೇಳದೆಯೇ, ಬಾಟಲಿ ಕೈಗೆ ಸಿಕ್ಕಿತೆಂದು ಆರು ನೀರಿನ ಮೆಗ್ನೀಸಿಯಂ ಕ್ಲೋರೈಡನ್ನು ಕಾಯಿಸಿ ಕೂತಿದ್ದೆ. ಲೆಕ್ಕ ಹಾಕಿದರೆ ನೀರಿನ ಅಣುಗಳು 21 ಬಂದವು! ಎರಡು ದಿನ ತಕ್ಕಡಿಯ ಮೇಲೆ ಅನುಮಾನ ಪಟ್ಟೆ. ತಕ್ಕಡಿ ಸರಿಯಾಗಿಯೇ ಇತ್ತು. ಈ ಉಪ್ಪು ಬಿಸಿಯಾದಾಗ ತನ್ನ ನೀರಿನೊಂದಿಗೇ ವರ್ತಿಸಿ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ, ಕೊನೆಗೆ ಉಳಿಯುವುದು ಮೆಗ್ನೀಸಿಯಂ ಆಕ್ಸೈಡ್. 203 ಗ್ರಾಂ ಹರಳಿನಿಂದ 40 ಗ್ರಾಂ ಆಕ್ಸೈಡ್. ಅದನ್ನು ಕ್ಲೋರೈಡ್ ಎಂದು ಹಿಡಿದು ಲೆಕ್ಕ ಹಾಕಿದರೆ 21 ಬಾರದೆ ಇನ್ನೇನು ಬಂದೀತು? ಮೂಸೆಯ ಬಾಯಿಗೆ ಒದ್ದೆ ಮಾಡಿದ ನೀಲಿ ಲಿಟ್ಮಸ್ ಕಾಗದ ಹಿಡಿದಿದ್ದರೆ ಐದೇ ನಿಮಿಷದಲ್ಲಿ ಗುಟ್ಟು ಬಯಲಾಗುತ್ತಿತ್ತು. ಹೊಸ ಲವಣ ಕಾಯಿಸುವಾಗ ಆ ಕಾಗದ ಕೈಯಲ್ಲಿರಲಿ. ಅನ್ನಭೇದಿಯೂ (ಕಬ್ಬಿಣದ ಸಲ್ಫೇಟ್) ಇಂಥದ್ದೇ. ಗಾಳಿಯಲ್ಲಿ ಬಲವಾಗಿ ಕಾಯಿಸಿದರೆ ಗಂಧಕದ ಆಕ್ಸೈಡ್‌ಗಳು ಹಾರಿ, ಕಬ್ಬಿಣದ ಕೆಂಪು ಆಕ್ಸೈಡ್ ಉಳಿಯುತ್ತದೆ. ಅದರ ಏಳು ನೀರನ್ನು ತೆರೆದ ಉರಿಯಲ್ಲಿ ಎಣಿಸಲು ಹೋಗಬೇಡಿ.

ಇಳಿತದ ಒಟ್ಟು ಮೊತ್ತಕ್ಕಿಂತ ಅದು ಇಳಿದ ದಾರಿ ಹೆಚ್ಚು ಹೇಳುತ್ತದೆ. ಜಪಾನಿನ ಕೋಟಾರೊ ಹೋಂಡಾ 1915ರಲ್ಲಿ ಕುಲುಮೆಯೊಳಗಿನ ವಸ್ತುವನ್ನು ಹೊರಗೆ ತೆಗೆಯದೆ, ಬಿಸಿ ಏರುತ್ತಿರುವಾಗಲೇ ತೂಗುವ ತಕ್ಕಡಿ ಮಾಡಿದರು. ಅದಕ್ಕೆ ಥರ್ಮೋಬ್ಯಾಲೆನ್ಸ್ ಎಂದು ಹೆಸರು. ಇಂದಿನ ಯಂತ್ರಗಳು ಅದರ ಮೊಮ್ಮಕ್ಕಳು. ಅವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳು ಹಾಕಿ ನೋಡಿದರೆ ತೂಕ ಮೂರು ಮೆಟ್ಟಿಲು ಇಳಿಯುತ್ತದೆ. ಮೊದಲ ಶೇ. 12.3 ನೀರು, ನಂತರದ ಶೇ. 19.2 ಕಾರ್ಬನ್ ಮೊನಾಕ್ಸೈಡ್, ಕೊನೆಯ ಶೇ. 30.1 ಕಾರ್ಬನ್ ಡೈಆಕ್ಸೈಡ್. ಆ ಮೂರನ್ನೂ ಕೂಡಿಸಿ ನೀರೆಂದುಕೊಂಡವನ ಗತಿ ನನ್ನ 21ರ ಗತಿಯೇ. ಯಂತ್ರವಿಲ್ಲದಿದ್ದರೂ ನೀವು ಮೆಟ್ಟಿಲು ನೋಡಬಹುದು: ಮರಳನ್ನು 120 ಡಿಗ್ರಿಯಲ್ಲಿ ಹಿಡಿದು ತೂಕ ನಿಲ್ಲುವ ತನಕ ಒಮ್ಮೆ, 240ರಲ್ಲಿ ಇನ್ನೊಮ್ಮೆ. ನಾಲ್ಕು ನೀರಿನ ಮೊದಲ ಮೆಟ್ಟಿಲು ಶೇ. 28.9, ಐದನೆಯದರದು ಶೇ. 7.2. ಪ್ರಾಕ್ಟಿಕಲ್‌ನ ಮೂರು ಗಂಟೆಯಲ್ಲಿ ಮುಗಿಯಲಿಕ್ಕಿಲ್ಲ, ಪ್ರಾಜೆಕ್ಟ್ ಮಾಡಿಕೊಳ್ಳಿ.

ಉತ್ತರ ಪೂರ್ಣಾಂಕವೇ ಆಗಬೇಕೆಂಬ ಹಟವನ್ನೂ ಬಿಡಬೇಕು. ಜಿಪ್ಸಮ್ಮಿಗೆ ಎರಡು ನೀರು, ಅದನ್ನು ಹದವಾಗಿ ಕಾಯಿಸಿ ಮಾಡುವ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಅರ್ಧ. ಅಲ್ಲಿ 0.5 ಎಂಬುದೇ ಸರಿಯುತ್ತರ. ಲಾವೊಸಿಯೆ 1765ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಅಕಾಡೆಮಿಯ ಮುಂದಿಟ್ಟ ಮೊದಲ ಪ್ರಬಂಧ ಈ ಜಿಪ್ಸಮ್ಮಿನ ಮೇಲೆಯೇ. ಕಾಯಿಸಿದಾಗ ಹೋಗುವುದು ನೀರು, ಪ್ಲಾಸ್ಟರ್ ಗಟ್ಟಿಯಾಗುವುದು ಅದೇ ನೀರನ್ನು ವಾಪಸು ಪಡೆದಾಗ ಎಂದು ಅವರು ತೋರಿಸಿದರು. ಇನ್ನು ವಾಷಿಂಗ್ ಸೋಡಾ. ಹೊಸ ಹರಳಿಗೆ ಹತ್ತು ನೀರು. ಒಣ ಗಾಳಿಯಲ್ಲಿ ಬಿಟ್ಟರೆ ತಾನಾಗಿಯೇ ಒಂದು ನೀರಿನ ಪುಡಿಯಾಗುತ್ತ ಹೋಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ತೆರೆದಿಟ್ಟ ಡಬ್ಬಿಯಿಂದ ತೆಗೆದು ಕಾಯಿಸಿದವರಿಗೆ 6.3 ಬಂದರೆ ಅವರು ತಪ್ಪಲ್ಲ. ಆ ಡಬ್ಬಿಯಲ್ಲಿದ್ದ ಎರಡು ಬಗೆಯ ಮಿಶ್ರಣದ ಸರಾಸರಿ ಅದು. ಪುಸ್ತಕ ನೋಡಿ 10 ಬರೆದವರೇ ತಪ್ಪು.

ನಿಮ್ಮ ರೆಕಾರ್ಡಿನಲ್ಲಿ 4.36 ಬರೆಯಿರಿ, ಪಕ್ಕದಲ್ಲಿ 79 ಮಿಲಿಗ್ರಾಂನ ಲೆಕ್ಕವನ್ನೂ. ಮೇಷ್ಟ್ರಿಗೆ ಸಮಯವಿದ್ದರೆ ಮರಳಿನ ತಟ್ಟೆ ಕೇಳಿ ಇನ್ನೊಮ್ಮೆ ಮಾಡಿ.

ಕೊನೆಗೆ ಮನೆಯ ತುತ್ತ. ಬೆಳ್ಳಗಾದ ಹರಳು ಕೆಟ್ಟಿಲ್ಲ, ಒಣ ಹವೆಯಲ್ಲಿ ಮೈಮೇಲಿನ ನೀರು ಬಿಟ್ಟಿದೆ, ಅಷ್ಟೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಿ ಎಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಹೇಳಿದ್ದು ಇಂದಿಗೂ ನಡೆದಿದೆ: 100 ಲೀಟರ್ ನೀರಿಗೆ 1 ಕೆ.ಜಿ. ತುತ್ತ, 1 ಕೆ.ಜಿ. ಸುಣ್ಣ. ಈ ಅಳತೆ ಐದು ನೀರಿನ ನೀಲಿ ಹರಳಿನದು, ಅದರ ಕಿಲೋದಲ್ಲಿ ತಾಮ್ರ 254 ಗ್ರಾಂ. ಹರಳು ಪೂರ್ತಿ ಒಂದು ನೀರಿನ ಪುಡಿಯಾಗಿಬಿಟ್ಟಿದ್ದರೆ ಕಿಲೋಕ್ಕೆ 358 ಗ್ರಾಂ ಆಗುತ್ತದೆ. ಸಿಪ್ಪೆ ಮಾತ್ರ ಬೆಳ್ಳಗಿದ್ದರೆ ವ್ಯತ್ಯಾಸ ಚಿಕ್ಕದು, ಆದರೂ ದ್ರಾವಣದಲ್ಲಿ ತಾಮ್ರ ಹೆಚ್ಚಾಗುವ ಕಡೆಗೇ ವಾಲುತ್ತದೆ, ಸುಣ್ಣ ಸಾಲದೆ ಹೋಗಬಹುದು. ಹರಳಿಗೆ ಹಸಿರು ಛಾಯೆ ಇದ್ದರೆ ಮಾತ್ರ ಅನ್ನಭೇದಿ ಬೆರೆತಿದೆಯೇ ಎಂದು ಅನುಮಾನ ಪಡಿ. ದ್ರಾವಣ ಕಲಸಿದ ಮೇಲೆ ನಿಮ್ಮ ತಂದೆಯವರು ಹೇಗೂ ಕತ್ತಿ ಅದ್ದಿ ನೋಡುತ್ತಾರಲ್ಲ, ಅದನ್ನು ಈ ಸಲ ತಪ್ಪಿಸಬೇಡಿ. ಉಜ್ಜಿ ಹೊಳಪು ಮಾಡಿದ ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣದ ಹಾಲು ಇನ್ನಷ್ಟು ಹುಯ್ಯಿ, ಅಲಗು ಬಿಳಿಯಾಗಿಯೇ ಮೇಲೆ ಬರುವ ತನಕ.